ಪಿಎಲ್‌ಸಿ ಕೊಳ್ಳುವ ಮೊದಲು ವಿಳಾಸಪಟ್ಟಿ: ಪ್ರೊಸೆಸರ್ ಸಾಮರ್ಥ್ಯ ಮತ್ತು ಮೆಮೊರಿ ವಿಳಾಸಗಳ ಸಮಗ್ರ ಮಾರ್ಗದರ್ಶಿ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಲ್ಲಾಗಲಿ, ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳಲ್ಲಾಗಲಿ ಹೊಸ ಪ್ಯಾನೆಲ್ ಮಾಡಿಸುವಾಗ ಮೊದಲು ಬರುವ ಪ್ರಶ್ನೆ ಯಾವ ಕಂಪನಿಯ ಪಿಎಲ್‌ಸಿ (ಬರೆದ ಪ್ರೋಗ್ರಾಮಿನಂತೆ ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಹಾಕಬೇಕು ಎಂಬುದು, ಎರಡನೆಯದು ಅದರ ಬೆಲೆ ಎಷ್ಟು ಎಂಬುದು. ಒಟ್ಟು ಎಷ್ಟು ಸಂಕೇತಗಳಿವೆ, ಅವು ಮೆಮೊರಿಯ ಯಾವ ಜಾಗದಲ್ಲಿ ಕೂರುತ್ತವೆ ಎಂಬ ಪ್ರಶ್ನೆ ಏಳುವುದು ಪ್ಯಾನೆಲ್ ಬಂದು ಗೋಡೆಗೆ ನಿಂತ ಮೇಲೆ. ಪಿಎಲ್‌ಸಿ ಸಾಲುತ್ತಿಲ್ಲ, ಪಿಎಲ್‌ಸಿ ಕೆಟ್ಟಿದೆ ಎಂದು ನನ್ನನ್ನು ಕರೆಸಿದ ಕಡೆಗಳಲ್ಲಿ ಹೆಚ್ಚಿನವುಗಳಲ್ಲಿ ಸಾಧನ ನೆಟ್ಟಗೇ ಇತ್ತು. ಒಂದೇ ವಿಳಾಸವನ್ನು ಇಬ್ಬರು ಎರಡು ಕೆಲಸಕ್ಕೆ ಬಳಸಿದ್ದರು, ಇಲ್ಲವೇ ಪ್ರೊಸೆಸರಿನ ಯಾವ ಸಾಮರ್ಥ್ಯವನ್ನು ನೋಡಬೇಕಿತ್ತೋ ಅದನ್ನು ಬಿಟ್ಟು ಬೇರೆಯದನ್ನು ನೋಡಿ ಕೊಂಡಿದ್ದರು. ಆದ್ದರಿಂದ ಈ ಬರಹವು ಕಾಗದದ ಮೇಲಿನ ಪಟ್ಟಿಯಿಂದ ಆರಂಭವಾಗುತ್ತದೆ, ಪ್ರೊಸೆಸರಿನ ಆಯ್ಕೆ ಬಹಳ ಮುಂದೆ ಬರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೋ ಇದಕ್ಕೆಂದೇ ತಂತ್ರಜ್ಞರ ತಂಡಗಳಿರುತ್ತವೆ; ಇದು ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಒಬ್ಬಂಟಿಯಾಗಿ ಒಂದು ಗಿರಣಿಯ ಪ್ಯಾನೆಲ್ ನೋಡಿಕೊಳ್ಳುವವರಿಗಾಗಿ ಬರೆದದ್ದು.

ಮೊದಲ ಹಂತ: ಸಂಕೇತಗಳನ್ನು ಎಣಿಸುವುದು

ಉದಾಹರಣೆಗೆ ಭತ್ತ ನೆನೆಸಿ, ಬೇಯಿಸಿ, ಒಣಗಿಸುವ ಒಂದು ಸಾಧಾರಣ ಘಟಕವನ್ನು ತೆಗೆದುಕೊಳ್ಳೋಣ. ಎಲಿವೇಟರ್, ಕನ್ವೇಯರ್, ಬ್ಲೋವರ್ ಎಲ್ಲ ಸೇರಿ 14 ಮೋಟಾರುಗಳು, ಆರು ಟ್ಯಾಂಕುಗಳು ಇವೆ ಎಂದುಕೊಳ್ಳಿ. ಪ್ರತಿ ಮೋಟಾರಿನಿಂದ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಎಳೆದಿದೆ ಎಂಬ ಒಂದು ಸಂಕೇತ ಮತ್ತು ಓವರ್‌ಲೋಡ್ ರಿಲೇ ಟ್ರಿಪ್ ಆಗಿದೆ ಎಂಬ ಇನ್ನೊಂದು ಸಂಕೇತ ಬಂದರೆ 28 ಇನ್‌ಪುಟ್‌ಗಳಾದವು. ಟ್ಯಾಂಕಿಗೆ ಮೇಲ್ಮಟ್ಟದ ಮತ್ತು ಕೆಳಮಟ್ಟದ ಎರಡೆರಡು ಸ್ವಿಚ್‌ಗಳಂತೆ 12, ಬಟನ್, ಸೆಲೆಕ್ಟರ್ ಸ್ವಿಚ್ ಮತ್ತು ಎಮರ್ಜೆನ್ಸಿ ಸಂಕೇತ ಸೇರಿ 6. ಒಟ್ಟು 46 ಇನ್‌ಪುಟ್‌ಗಳು. ಔಟ್‌ಪುಟ್ ಕಡೆಗೆ ಮೋಟಾರುಗಳಿಗೆ 14, ಟ್ಯಾಂಕಿನ ನೀರು ಮತ್ತು ಸ್ಟೀಮ್ ವಾಲ್ವ್‌ಗಳಿಗೆ 12, ಹೂಟರ್ ಹಾಗೂ ದೀಪಗಳಿಗೆ 4, ಒಟ್ಟು 30. ಆರು ಟ್ಯಾಂಕುಗಳ ಮತ್ತು ಡ್ರೈಯರಿನ ಎರಡು ಕಡೆಯ ತಾಪಮಾನಕ್ಕೆ 8 ಅನಲಾಗ್ ಇನ್‌ಪುಟ್‌ಗಳು, ಎಂದರೆ ಇದೆ-ಇಲ್ಲ ಎಂದಷ್ಟೇ ಅಲ್ಲದೆ ಎಷ್ಟು ಎಂದು ಹೇಳುವವು.

ಇದಕ್ಕೆ ಐದರಲ್ಲೊಂದು ಪಾಲು, ಅಂದರೆ ಶೇಕಡಾ 20ರಷ್ಟು ಹೆಚ್ಚುವರಿ ಸೇರಿಸಿ 56 ಇನ್‌ಪುಟ್, 36 ಔಟ್‌ಪುಟ್ ಎಂದು ಬರೆದುಕೊಳ್ಳಿ. ಈ ಹೆಚ್ಚುವರಿಯನ್ನು ಖರ್ಚೆಂದು ಕಡಿಯಬೇಡಿ, ಏಕೆಂದರೆ ಎರಡನೇ ಸುಗ್ಗಿಯ ಹೊತ್ತಿಗೆ ಇನ್ನೊಂದು ಎಲಿವೇಟರ್ ಬಂದೇ ಬರುತ್ತದೆ.

ಎರಡನೇ ಹಂತ: ಎಣಿಕೆಯ ಪದ್ಧತಿಯನ್ನು ತಿಳಿದುಕೊಳ್ಳುವುದು

46 ಇನ್‌ಪುಟ್‌ಗಳೆಂದರೆ ಕೊನೆಯದು ಎಕ್ಸ್ 45 ಎಂದು ಬರೆಯುವುದು ಸಹಜ, ಆದರೆ ಮಿತ್ಸುಬಿಷಿಯ ಎಫ್‌ಎಕ್ಸ್ ಸರಣಿಯಲ್ಲಿ ಮತ್ತು ಡೆಲ್ಟಾದ ಡಿವಿಪಿ ಸರಣಿಯಲ್ಲಿ ಅದು ತಪ್ಪು. ಅಲ್ಲಿ ಎಕ್ಸ್ (ಇನ್‌ಪುಟ್) ಮತ್ತು ವೈ (ಔಟ್‌ಪುಟ್) ವಿಳಾಸಗಳು ಆಕ್ಟಲ್ ಪದ್ಧತಿಯಲ್ಲಿ, ಎಂದರೆ ಎಂಟರ ಎಣಿಕೆಯಲ್ಲಿ ಸಾಗುತ್ತವೆ. ಎಕ್ಸ್ 7ರ ನಂತರ ಎಕ್ಸ್ 10 ಬರುತ್ತದೆ, ಎಕ್ಸ್ 8 ಮತ್ತು ಎಕ್ಸ್ 9 ಎಂಬ ವಿಳಾಸಗಳೇ ಇಲ್ಲ. ಹಾಗಾಗಿ 46ನೇ ಇನ್‌ಪುಟ್ ಎಕ್ಸ್ 55 ಆಗುತ್ತದೆ, 30ನೇ ಔಟ್‌ಪುಟ್ ವೈ 35 ಆಗುತ್ತದೆ. ಅದೇ ಯಂತ್ರದಲ್ಲಿ ಎಂ (ಒಳಗಿನ ಬಿಟ್), ಡಿ (ಸಂಖ್ಯೆ ಇಡುವ ರಿಜಿಸ್ಟರ್), ಟಿ (ಟೈಮರ್), ಸಿ (ಕೌಂಟರ್) ವಿಳಾಸಗಳು ನಮ್ಮ ದಿನಬಳಕೆಯ ಹತ್ತರ ಎಣಿಕೆಯಲ್ಲೇ ಇರುತ್ತವೆ. ಮಿತ್ಸುಬಿಷಿಯದೇ ಕ್ಯೂ ಸರಣಿಗೆ ಹೋದರೆ ಎಕ್ಸ್ ಮತ್ತು ವೈ ಹದಿನಾರರ ಎಣಿಕೆಗೆ ಬದಲಾಗುತ್ತವೆ. ಅಲೆನ್ ಬ್ರಾಡ್ಲಿಯ ಹಳೆಯ ಪಿಎಲ್‌ಸಿ 5ರಲ್ಲಿ ಇನ್‌ಪುಟ್, ಔಟ್‌ಪುಟ್ ಬಿಟ್‌ಗಳು ಆಕ್ಟಲ್, ಆದರೆ ಅದರ ತಮ್ಮನಂತಿರುವ ಎಸ್‌ಎಲ್‌ಸಿ 500ರಲ್ಲಿ 0ಯಿಂದ 15ರವರೆಗೆ ನೇರ ಎಣಿಕೆ. ವೈರಿಗೆ ಫೆರುಲ್ (ಸಂಖ್ಯೆ ಬರೆದ ಗುರುತಿನ ಕೊಳವೆ) ಹಾಕುವವರಿಗೆ ಈ ಪಟ್ಟಿಯನ್ನು ಮೊದಲೇ ಕೊಡದಿದ್ದರೆ ಎಂಟನೇ ವೈರಿನಿಂದಾಚೆ ಎಲ್ಲವೂ ಎರಡೆರಡು ಸ್ಥಾನ ಜರುಗಿ ನಿಲ್ಲುತ್ತವೆ.

ಸೀಮೆನ್ಸ್ ಎಸ್7 ಕುಟುಂಬದಲ್ಲಿ ವಿಳಾಸವನ್ನು ಬೈಟ್ ಮತ್ತು ಬಿಟ್ ಎಂದು ಚುಕ್ಕೆಯಿಟ್ಟು ಬರೆಯುತ್ತಾರೆ: ಐ 0.0ಯಿಂದ ಐ 0.7, ಮುಂದೆ ಐ 1.0. ಎಸ್7-1200ರಲ್ಲಿ ಮಾಡ್ಯೂಲ್ (ಹೆಚ್ಚಿನ ಇನ್‌ಪುಟ್, ಔಟ್‌ಪುಟ್‌ಗಳಿಗಾಗಿ ಪಕ್ಕಕ್ಕೆ ಜೋಡಿಸುವ ಘಟಕ) ಯಾವ ಸ್ಲಾಟಿನಲ್ಲಿ ಕೂತಿದೆ ಎಂಬುದರಿಂದಲೇ ತಂತ್ರಾಂಶವು ಆರಂಭದ ವಿಳಾಸವನ್ನು ತಾನಾಗಿ ಕೊಡುತ್ತದೆ. ಎರಡನೇ ಸ್ಲಾಟಿನ ಡಿಜಿಟಲ್ ಮಾಡ್ಯೂಲ್ ಬೈಟ್ 8ರಿಂದ, ಮೂರನೆಯದು 12ರಿಂದ, ನಾಲ್ಕನೆಯದು 16ರಿಂದ ಆರಂಭವಾಗುತ್ತದೆ. ಅನಲಾಗ್ ಮಾಡ್ಯೂಲ್ ಎರಡನೇ ಸ್ಲಾಟಿನಲ್ಲಿದ್ದರೆ 96ರಿಂದ, ಏಳನೆಯದರಲ್ಲಿದ್ದರೆ 176ರಿಂದ. ಪ್ಯಾನೆಲ್ ಕಟ್ಟುವವರು ಜಾಗದ ಅನುಕೂಲಕ್ಕೆಂದು ಮಾಡ್ಯೂಲಿನ ಕ್ರಮ ಬದಲಿಸಿದರೆ ಈ ಅಂಕಿಗಳೆಲ್ಲ ಬದಲಾಗುತ್ತವೆ. ಆದ್ದರಿಂದ ಸ್ಲಾಟಿನ ಕ್ರಮವನ್ನು ನಕ್ಷೆಯಲ್ಲಿ ಬರೆದು, ಅದರ ಮೇಲೆ ಇಬ್ಬರೂ ಸಹಿ ಹಾಕುವುದು ಒಳ್ಳೆಯದು.

ಮೂರನೇ ಹಂತ: ಬಿಟ್, ಬೈಟ್, ವರ್ಡ್ ಒಂದರ ಮೇಲೊಂದು ಬೀಳದಂತೆ ನೋಡುವುದು

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬಿಟ್ ಎಂದರೆ 0 ಅಥವಾ 1. ಎಂಟು ಬಿಟ್‌ಗಳು ಒಂದು ಬೈಟ್, ಎರಡು ಬೈಟ್‌ಗಳು 16 ಬಿಟ್‌ನ ಒಂದು ವರ್ಡ್, ಎರಡು ವರ್ಡ್‌ಗಳು 32 ಬಿಟ್‌ನ ಒಂದು ಡಬಲ್ ವರ್ಡ್. ಸೀಮೆನ್ಸ್‌ನಲ್ಲಿ ಎಂಡಬ್ಲ್ಯೂ 10 ಎಂದು ಬರೆದರೆ ಎಂಬಿ 10 ಮತ್ತು ಎಂಬಿ 11 ಎಂಬ ಎರಡು ಬೈಟ್‌ಗಳನ್ನು ಹಿಡಿದಂತೆ. ಎಂಡಬ್ಲ್ಯೂ 11 ಎಂದರೆ ಎಂಬಿ 11 ಮತ್ತು ಎಂಬಿ 12. ಎರಡರಲ್ಲಿಯೂ ಎಂಬಿ 11 ಇರುವುದರಿಂದ ಒಂದಕ್ಕೆ ಬರೆದದ್ದು ಇನ್ನೊಂದನ್ನು ಕೆಡಿಸುತ್ತದೆ. ಆದ್ದರಿಂದ ವರ್ಡ್‌ಗಳಿಗೆ ಸಮಸಂಖ್ಯೆಯ ವಿಳಾಸ, ಡಬಲ್ ವರ್ಡ್‌ಗಳಿಗೆ ನಾಲ್ಕರಿಂದ ಭಾಗವಾಗುವ ವಿಳಾಸ ಎಂಬ ಕಟ್ಟುಪಾಡನ್ನು ನೀವೇ ಹಾಕಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವೆಂದರೆ ಸೀಮೆನ್ಸ್‌ನಲ್ಲಿ ಚಿಕ್ಕ ಸಂಖ್ಯೆಯ ಬೈಟ್ ಮೇಲಿನ ತೂಕದ್ದು. ಎಂಡಬ್ಲ್ಯೂ 10ರ ಅತಿ ಕೆಳಗಿನ ಬಿಟ್ ಎಂ 11.0 ಆಗಿರುತ್ತದೆ, ಎಂ 10.0 ಅಲ್ಲ. ಟ್ರಿಪ್ ಸಂಕೇತಗಳನ್ನೆಲ್ಲ ಒಂದು ವರ್ಡಿಗೆ ಸೇರಿಸಿ ಪರದೆಗೆ ಕಳಿಸುವವರು ಇಲ್ಲಿಯೇ ಎಡವಿ, ಒಂದನೇ ಮೋಟಾರು ಟ್ರಿಪ್ ಆದರೆ ಒಂಬತ್ತನೆಯದರ ಹೆಸರು ಬರುವಂತೆ ಮಾಡಿಕೊಳ್ಳುತ್ತಾರೆ. ಕೋಡೆಸಿಸ್ (ಹಲವು ಕಂಪನಿಗಳು ಬಳಸುವ ಪಿಎಲ್‌ಸಿ ತಂತ್ರಾಂಶ) ಮೇಲೆ ನಡೆಯುವ ಪಿಎಲ್‌ಸಿಗಳಲ್ಲಿ ಸಾಮಾನ್ಯವಾಗಿ ಎಂಡಬ್ಲ್ಯೂ 1 ಎಂದರೆ ಬೈಟ್ 2 ಮತ್ತು 3. ಹೆಸರು ಒಂದೇ, ಹಿಡಿಯುವ ಜಾಗ ಬೇರೆ; ಒಂದರಿಂದ ಇನ್ನೊಂದಕ್ಕೆ ಪ್ರೋಗ್ರಾಂ ನಕಲು ಮಾಡುವಾಗ ಇದನ್ನು ಮರೆಯಬಾರದು.

ಮಿತ್ಸುಬಿಷಿ ಮತ್ತು ಡೆಲ್ಟಾದಲ್ಲಿ ಪ್ರತಿ ಡಿ ರಿಜಿಸ್ಟರ್ 16 ಬಿಟ್‌ನದು, ಆದ್ದರಿಂದ ಪಕ್ಕದ ವರ್ಡಿನ ಈ ತೊಂದರೆ ಇಲ್ಲ; ಆದರೆ 32 ಬಿಟ್‌ನ ಸಂಖ್ಯೆ ಎರಡು ರಿಜಿಸ್ಟರ್‌ಗಳನ್ನು ತಿನ್ನುತ್ತದೆ, ಪ್ರೋಗ್ರಾಮಿನಲ್ಲಿ ಮೊದಲನೆಯದರ ಹೆಸರು ಮಾತ್ರ ಕಾಣುತ್ತದೆ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಕಿಟಕಿಯಿಂದ ಒಂದೇ ಟವೆಲ್ ಹಾಕಿ ಹೋದಂತೆ.

ಸಿಂಧನೂರು ಕಡೆಯ ಒಂದು ಗಿರಣಿಯಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಎಲಿವೇಟರಿನ ಮೋಟಾರು ಸುಟ್ಟು, ವೈಂಡಿಂಗ್ ಮಾಡಿಸಿ ತಂದು ಕೂರಿಸಿ, ಅದು ಓಡಿದ ಸೆಕೆಂಡುಗಳ ಲೆಕ್ಕವನ್ನು ಸೊನ್ನೆ ಮಾಡಿದ್ದರು. ಆ ಲೆಕ್ಕ ಡಿ 1000ದಲ್ಲಿ 32 ಬಿಟ್‌ನದಾಗಿ ನಡೆಯುತ್ತಿತ್ತು. ಅದೇ ವಾರ ಇನ್ನೊಬ್ಬ ಹುಡುಗ ಬಂದು, ನಿಂತ ಎಲಿವೇಟರ್ 30 ಸೆಕೆಂಡಿನ ಮೊದಲು ಮತ್ತೆ ಚಾಲೂ ಆಗದಂತೆ ಒಂದು ಟೈಮರ್ ಸೇರಿಸಿದ. ಅದರ ಅಳತೆಯನ್ನು ಇಡಲು ಖಾಲಿ ಜಾಗ ಹುಡುಕಿದಾಗ ಡಿ 1001ರಲ್ಲಿ ಸೊನ್ನೆ ಕಂಡಿತು. ಪ್ರೋಗ್ರಾಮಿನಲ್ಲಿ ಹುಡುಕಿದರೆ ಆ ಹೆಸರು ಎಲ್ಲಿಯೂ ಸಿಗಲಿಲ್ಲ. ಖಾಲಿಯೆಂದು ತಿಳಿದು ಅಲ್ಲಿ 300 ಇಟ್ಟ. ನೂರು ಮಿಲಿಸೆಕೆಂಡಿನ ಟೈಮರಿಗೆ 300 ಎಂದರೆ 30 ಸೆಕೆಂಡು, ಟೈಮರ್ ಸರಿಯಾಗಿಯೇ ನಡೆಯಿತು. ಆದರೆ ಡಿ 1001 ಎಂಬುದು ಓಡಿದ ಲೆಕ್ಕದ ಮೇಲಿನ ಅರ್ಧ. ಅಲ್ಲಿ 300 ಕೂತರೆ ಒಟ್ಟು ಲೆಕ್ಕಕ್ಕೆ 300 × 65,536, ಅಂದರೆ 1,96,60,800 ಸೆಕೆಂಡು ಸೇರಿದಂತಾಯಿತು. ಮರುದಿನ ಬೆಳಿಗ್ಗೆ ಪರದೆಯ ಮೇಲೆ ಮೊನ್ನೆ ಕೂರಿಸಿದ ಮೋಟಾರು 5,461 ತಾಸಿಗೂ ಹೆಚ್ಚು ಓಡಿದೆ ಎಂದು ತೋರಿಸಿ, ಬೇರಿಂಗ್ ಬದಲಿಸಿ ಎಂಬ ಸೂಚನೆ ಬಡಿದುಕೊಳ್ಳುತ್ತಿತ್ತು. ಪಿಎಲ್‌ಸಿ ಕೆಟ್ಟಿತೆಂದು ಹೊಸ ಪ್ರೊಸೆಸರ್ ತರಿಸಿ ಅದೇ ಪ್ರೋಗ್ರಾಂ ತುಂಬಿ, ಟೈಮರಿಗೆ ಮತ್ತೆ 300 ಕೊಟ್ಟಾಗ ಅಲ್ಲಿಯೂ ಅದೇ 5,461 ಬಂತು. ನಾನು ಮಾಡಿದ್ದು ಟೈಮರಿನ ಅಳತೆಯನ್ನು ಡಿ 1400ಕ್ಕೆ ಸರಿಸಿದ್ದು, ಅಷ್ಟೇ. ಸೆಕೆಂಡಿನ ಲೆಕ್ಕ 65,535 ದಾಟುವವರೆಗೆ, ಎಂದರೆ 18 ತಾಸು 12 ನಿಮಿಷ 15 ಸೆಕೆಂಡು ಆಗುವವರೆಗೆ ಮೇಲಿನ ಅರ್ಧದಲ್ಲಿ ಸೊನ್ನೆಯೇ ಇರುತ್ತದೆ. ಸೊನ್ನೆ ಕಂಡಿತೆಂದು ಜಾಗ ಖಾಲಿಯೆನ್ನುವಂತಿಲ್ಲ, ಪಟ್ಟಿಯಲ್ಲಿ ಖಾಲಿ ಎಂದು ಬರೆದಿದ್ದರೆ ಮಾತ್ರ ಖಾಲಿ.

ಅಂಕಿಯ ಮಿತಿಯನ್ನೂ ಇಲ್ಲಿಯೇ ನೋಡಿಕೊಳ್ಳಿ. 16 ಬಿಟ್‌ನ ಸಂಖ್ಯೆ −32,768ರಿಂದ 32,767ರವರೆಗೆ ಮಾತ್ರ. ದಿನಕ್ಕೆ 1,500 ಚೀಲ ತುಂಬುವ ಕಡೆ ಒಂದೊಂದೇ ಕೂಡಿಸುತ್ತಾ ಹೋದರೆ 22ನೇ ದಿನ ಲೆಕ್ಕ ಋಣ ಸಂಖ್ಯೆಗೆ ಉರುಳುತ್ತದೆ. 33,000 ಆಗಬೇಕಾದಲ್ಲಿ −32,536 ಕಾಣುತ್ತದೆ. ಚೀಲ, ತಾಸು, ತೂಕದ ಒಟ್ಟು ಮೊತ್ತ ಇವುಗಳಿಗೆ ಮೊದಲ ದಿನದಿಂದಲೇ 32 ಬಿಟ್ ಕೊಡಿ.

ನಾಲ್ಕನೇ ಹಂತ: ದತ್ತಾಂಶದ ಜಾಗವನ್ನು ಲೆಕ್ಕ ಹಾಕುವುದು

ನಮ್ಮ ಉದಾಹರಣೆಯಲ್ಲಿ ಪ್ರತಿ ಮೋಟಾರಿಗೆ ಓಡಿದ ಲೆಕ್ಕಕ್ಕೆ ಎರಡು ವರ್ಡ್, ಟ್ರಿಪ್ ಲೆಕ್ಕಕ್ಕೆ ಒಂದು, ವಿಳಂಬದ ಅಳತೆಗೆ ಒಂದು ಎಂದರೆ 14 ಮೋಟಾರುಗಳಿಗೆ 56. ಟ್ಯಾಂಕಿಗೆ 20ರಂತೆ 120. ಐದು ತಳಿಯ ಭತ್ತಕ್ಕೆ ನೆನೆಸುವ ಹೊತ್ತು, ಬೇಯಿಸುವ ಹೊತ್ತು, ತಾಪಮಾನ ಇತ್ಯಾದಿ 20ರಂತೆ 100. ಹಿಂದಿನ 50 ದೋಷಗಳ ದಾಖಲೆಗೆ ನಾಲ್ಕು ನಾಲ್ಕರಂತೆ 200. ಒಟ್ಟು 476 ವರ್ಡ್. ಎರಡು ಪಟ್ಟು ಹಿಡಿದರೂ ಸಾವಿರ ದಾಟುವುದಿಲ್ಲ. ಮಿತ್ಸುಬಿಷಿಯ ಎಫ್‌ಎಕ್ಸ್3ಯು ಪ್ರೊಸೆಸರಿನಲ್ಲಿ ಡಿ 0ಯಿಂದ ಡಿ 7999ರವರೆಗೆ ಎಂಟು ಸಾವಿರ ರಿಜಿಸ್ಟರ್‌ಗಳಿವೆ. ಇಂತಹ ಗಿರಣಿಗೆ ದತ್ತಾಂಶದ ಮೆಮೊರಿ ಸಾಲದೆಂದು ದೊಡ್ಡ ಪ್ರೊಸೆಸರ್ ಮಾರಲು ಬಂದವರಿಗೆ ಈ ಲೆಕ್ಕವನ್ನು ತೋರಿಸಿ.

ಜಾಗ ಹೆಚ್ಚಿರುವುದರಿಂದ ಧಾರಾಳವಾಗಿ ಹಂಚಿ. ಮೋಟಾರುಗಳಿಗೆ 1000ದಿಂದ, ಟ್ಯಾಂಕುಗಳಿಗೆ 2000ದಿಂದ, ತಳಿಗಳಿಗೆ 3000ದಿಂದ ಎಂದು ಬೇರೆ ಬೇರೆ ಓಣಿ ಮಾಡಿ. ಮೂರನೇ ಟ್ಯಾಂಕಿನ ಎಲ್ಲವೂ 2300ರಿಂದ ಆರಂಭವಾಗಲಿ. ಆಗ ವಿಳಾಸ ನೋಡಿದರೆ ಸಾಕು, ಯಾವ ಟ್ಯಾಂಕಿನದೆಂದು ತಿಳಿಯುತ್ತದೆ. ಅಲೆನ್ ಬ್ರಾಡ್ಲಿಯ ಎಸ್‌ಎಲ್‌ಸಿ 500ರಲ್ಲಿ ಈ ವಿಂಗಡಣೆ ಕಂಪನಿಯೇ ಮಾಡಿಟ್ಟದ್ದು: ಬಿಟ್‌ಗಳಿಗೆ ಬಿ3, ಟೈಮರಿಗೆ ಟಿ4, ಕೌಂಟರಿಗೆ ಸಿ5, ಪೂರ್ಣಾಂಕಕ್ಕೆ ಎನ್7, ದಶಮಾಂಶಕ್ಕೆ ಎಫ್8. ಅಲ್ಲಿ ಒಂದು ಟೈಮರ್ ಮೂರು ವರ್ಡ್ ತೆಗೆದುಕೊಳ್ಳುತ್ತದೆ ಎಂಬುದು ನೆನಪಿರಲಿ.

ಐದನೇ ಹಂತ: ಕರೆಂಟ್ ಹೋದಾಗ ಏನು ಉಳಿಯಬೇಕು, ಏನು ಅಳಿಯಬೇಕು

ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಟ್ಯಾಂಕಿನಲ್ಲಿ ಭತ್ತ ನಾಲ್ಕು ತಾಸು ನೆಂದಿರುವಾಗ ಕರೆಂಟ್ ಹೋಗಿ ಬಂದರೆ ಆ ನಾಲ್ಕು ತಾಸಿನ ಲೆಕ್ಕ ಉಳಿಯಲೇಬೇಕು. ಅದೇ ಹೊತ್ತಿಗೆ ಮೋಟಾರು ಚಾಲೂ ಎಂಬ ಬಿಟ್ ಅಳಿಯಲೇಬೇಕು. ಎಫ್‌ಎಕ್ಸ್3ಯುದಲ್ಲಿ ಕಂಪನಿ ಇಟ್ಟ ಹಂಚಿಕೆಯ ಪ್ರಕಾರ ಡಿ 0ಯಿಂದ 199 ಅಳಿಯುವ ಜಾಗ, ಡಿ 200ರಿಂದ ಮುಂದಿನದು ಉಳಿಯುವ ಜಾಗ. ಎಂ ಬಿಟ್‌ಗಳಲ್ಲಿ 0ಯಿಂದ 499 ಅಳಿಯುತ್ತವೆ, 500ರಿಂದ ಮುಂದಿನವು ಉಳಿಯುತ್ತವೆ. ಎಂ 500 ಅನ್ನು ಮೋಟಾರು ಚಾಲನೆಗೆ ಬಳಸಿ ಸೆಟ್ ಮಾಡಿಟ್ಟರೆ, ಕರೆಂಟ್ ಬಂದ ಕೂಡಲೇ ಯಾರೂ ಬಟನ್ ಒತ್ತದೆ ಎಲಿವೇಟರ್ ತಿರುಗುತ್ತದೆ, ಆಗ ಬಕೆಟ್ ಬಿಚ್ಚಿ ಕೈ ಹಾಕಿದವನೊಬ್ಬ ಅದರ ಬುಡದಲ್ಲಿ ಇರಬಹುದು. ಚಾಲನೆಯ ಆಜ್ಞೆಯನ್ನು ಉಳಿಯುವ ಜಾಗದಲ್ಲಿ ಎಂದಿಗೂ ಇಡಬೇಡಿ. ಎಮರ್ಜೆನ್ಸಿ ಬಟನ್ ಪ್ರೋಗ್ರಾಮನ್ನು ನಂಬದೆ ಕಾಂಟ್ಯಾಕ್ಟರಿನ ಕರೆಂಟನ್ನೇ ಕಡಿಯುವಂತಿರಲಿ.

ಓಮ್ರಾನ್‌ನಲ್ಲಿ ಡಬ್ಲ್ಯೂ ಅಳಿಯುವ ಪ್ರದೇಶ, ಎಚ್ ಉಳಿಯುವ ಪ್ರದೇಶ. ಎಸ್7-1200ರಲ್ಲಿ ಯಾವುದು ಉಳಿಯಬೇಕೆಂದು ನೀವೇ ಗುರುತು ಹಾಕಬೇಕು, ಹಾಕದಿದ್ದರೆ ಅಳಿಯುತ್ತದೆ. ಎಫ್‌ಎಕ್ಸ್3ಯುದಲ್ಲಿ ಪ್ರೋಗ್ರಾಮ್ ಕೂಡ ಬ್ಯಾಟರಿಯ ಆಸರೆಯಲ್ಲಿರುವ ರ‍್ಯಾಮ್‌ನಲ್ಲಿರುತ್ತದೆ. ರಾಯಚೂರು, ಬಳ್ಳಾರಿಯ ಏಪ್ರಿಲ್–ಮೇ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗಿನ ಪ್ಯಾನೆಲ್ ಎಷ್ಟು ಕಾಯುತ್ತದೆಂದು ಬಲ್ಲವರಿಗೆ ಬ್ಯಾಟರಿ ಬೇಗ ಸೊರಗುವುದು ಆಶ್ಚರ್ಯವಲ್ಲ. ಬ್ಯಾಟರಿಯ ದೀಪ ಕಂಡ ದಿನವೇ ಮೊದಲು ಪ್ರೋಗ್ರಾಮಿನ ನಕಲು ತೆಗೆದು, ಆಮೇಲೆ ಬ್ಯಾಟರಿಗೆ ಕೈ ಹಾಕಿ.

ಆರನೇ ಹಂತ: ಈಗ ಪ್ರೊಸೆಸರ್ ಆರಿಸುವುದು

ಕ್ಯಾಟಲಾಗಿನಲ್ಲಿ ಸಾಮರ್ಥ್ಯವನ್ನು ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಹೇಳುತ್ತಾರೆ, ಆದ್ದರಿಂದ ನೇರ ಹೋಲಿಕೆ ಮಾಡಬಾರದು. ಮಿತ್ಸುಬಿಷಿ ಸ್ಟೆಪ್‌ಗಳಲ್ಲಿ ಹೇಳುತ್ತದೆ: ಎಫ್‌ಎಕ್ಸ್3ಯುಗೆ 64,000 ಸ್ಟೆಪ್. ಒಂದು ಸಾದಾ ಕಾಂಟ್ಯಾಕ್ಟ್ ಒಂದು ಸ್ಟೆಪ್, ಟೈಮರ್ ಮೂರು, 16 ಬಿಟ್‌ನ ಮೂವ್ (ಸಂಖ್ಯೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಿಸುವ ಆಜ್ಞೆ) ಐದು, 32 ಬಿಟ್‌ನದು ಒಂಬತ್ತು. ಅಲೆನ್ ಬ್ರಾಡ್ಲಿ ಎಸ್‌ಎಲ್‌ಸಿಗೆ ವರ್ಡ್‌ಗಳಲ್ಲಿ ಹೇಳುತ್ತದೆ. 5/05 ಪ್ರೊಸೆಸರ್ 16ಕೆ, 32ಕೆ, 64ಕೆ ಎಂದು ಮೂರು ಬಗೆಯಲ್ಲಿದೆ. ಇಲ್ಲಿ ಕೆ ಎಂದರೆ 1,024. ಸೀಮೆನ್ಸ್ ಬೈಟ್‌ಗಳಲ್ಲಿ ಹೇಳುವುದಲ್ಲದೆ ಮೆಮೊರಿಯನ್ನು ಮೂರಾಗಿ ಒಡೆಯುತ್ತದೆ: ಪ್ರೋಗ್ರಾಮ್ ಸಂಗ್ರಹವಾಗುವ ಲೋಡ್ ಮೆಮೊರಿ, ನಡೆಯುವಾಗ ಬಳಕೆಯಾಗುವ ವರ್ಕ್ ಮೆಮೊರಿ, ಕರೆಂಟ್ ಹೋದರೂ ಉಳಿಯುವ ರಿಟೆಂಟಿವ್ ಮೆಮೊರಿ. ಎಸ್7-1200ರ 1214ಸಿ ಪ್ರೊಸೆಸರಿಗೆ ನಾಲ್ಕನೇ ಫರ್ಮ್‌ವೇರ್ (ಸಾಧನದೊಳಗಿನ ಕಂಪನಿಯ ತಂತ್ರಾಂಶ) ಬಂದಾಗ ಇವು ಕ್ರಮವಾಗಿ 4 ಮೆಗಾಬೈಟ್, 100 ಕಿಲೋಬೈಟ್, 10 ಕಿಲೋಬೈಟ್ ಇದ್ದವು. ಮಾರುವವರು ದೊಡ್ಡಕ್ಷರದಲ್ಲಿ ತೋರಿಸುವುದು 4 ಮೆಗಾಬೈಟನ್ನು, ನಿಮ್ಮನ್ನು ಕಟ್ಟಿಹಾಕುವುದು 100 ಮತ್ತು 10. ಫರ್ಮ್‌ವೇರ್ ಬದಲಾದಂತೆ ಈ ಅಂಕಿಗಳೂ ಬದಲಾಗುವುದರಿಂದ ಕೈಗೆ ಬಂದ ಸಾಧನದ ಆರ್ಡರ್ ಸಂಖ್ಯೆಯನ್ನು ನೋಡಿಯೇ ಖಚಿತಪಡಿಸಿಕೊಳ್ಳಿ.

ನಮ್ಮ ಗಿರಣಿಗೆ ಮೆಮೊರಿ ಎಲ್ಲದರಲ್ಲೂ ಸಾಕು; ತೀರ್ಮಾನಿಸುವುದು ಮಾಡ್ಯೂಲಿನ ಸಂಖ್ಯೆ. 1214ಸಿಯಲ್ಲಿ ಮೈಮೇಲೆಯೇ 14 ಇನ್‌ಪುಟ್, 10 ಔಟ್‌ಪುಟ್ ಇವೆ. ಉಳಿದ 42 ಇನ್‌ಪುಟ್‌ಗಳಿಗೆ ಹದಿನಾರರ ಮೂರು, 26 ಔಟ್‌ಪುಟ್‌ಗಳಿಗೆ ಹದಿನಾರರ ಎರಡು, ತಾಪಮಾನಕ್ಕೆ ಎಂಟರ ಒಂದು. ಒಟ್ಟು ಆರು ಮಾಡ್ಯೂಲ್. 1214ಸಿ ಎಂಟನ್ನು ಹೊರುತ್ತದೆ, ಅದಕ್ಕಿಂತ ಚಿಕ್ಕದಾದ 1212ಸಿ ಎರಡನ್ನು ಮಾತ್ರ.

ವೇಗದ ವಿಷಯಕ್ಕೆ ಬಂದರೆ, ಪಿಎಲ್‌ಸಿ ಇನ್‌ಪುಟ್‌ಗಳನ್ನು ಒಮ್ಮೆಲೇ ಓದಿ, ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ನಡೆಸಿ, ಔಟ್‌ಪುಟ್‌ಗಳನ್ನು ಒಮ್ಮೆಲೇ ಬರೆಯುತ್ತದೆ. ಈ ಒಂದು ಸುತ್ತೇ ಸ್ಕ್ಯಾನ್. 1214ಸಿಯಲ್ಲಿ ಒಂದು ಬಿಟ್‌ನ ಆಜ್ಞೆಗೆ 0.08 ಮೈಕ್ರೋಸೆಕೆಂಡು, ದಶಮಾಂಶದ ಲೆಕ್ಕಕ್ಕೆ 2.3 ಮೈಕ್ರೋಸೆಕೆಂಡು ಬೇಕು. ಮೂರು ಸಾವಿರ ಕಾಂಟ್ಯಾಕ್ಟ್‌ಗಳು 0.24 ಮಿಲಿಸೆಕೆಂಡಿನಲ್ಲಿ ಮುಗಿದರೆ, ಐನೂರು ದಶಮಾಂಶದ ಲೆಕ್ಕಗಳು 1.15 ಮಿಲಿಸೆಕೆಂಡು ತಿನ್ನುತ್ತವೆ. ಎಲಿವೇಟರಿಗೆ ಇದರಿಂದ ಏನೂ ಆಗದು. ಆದರೆ ಸ್ಪಾಂಜ್ ಐರನ್ ಘಟಕದ ವೇ ಫೀಡರಿನಲ್ಲಿ (ತೂಕ ಮಾಡಿ ಕಚ್ಚಾವಸ್ತು ಹಾಕುವ ಬೆಲ್ಟ್) ಒಂದು ಸುತ್ತು ತಿರುಗಿದರೆ 1,000 ಪಲ್ಸ್ ಕೊಡುವ ಎನ್‌ಕೋಡರ್ (ತಿರುಗುವಿಕೆ ಅಳೆಯುವ ಸಾಧನ) ನಿಮಿಷಕ್ಕೆ 60 ಸುತ್ತು ತಿರುಗಿದರೆ ಸೆಕೆಂಡಿಗೆ ಸಾವಿರ ಪಲ್ಸ್, ಒಂದೊಂದರ ಅಗಲ ಅರ್ಧ ಮಿಲಿಸೆಕೆಂಡು. ಎಫ್‌ಎಕ್ಸ್‌ನ ಸಾಮಾನ್ಯ ಇನ್‌ಪುಟ್ ಫಿಲ್ಟರ್ ಒಂದೇ 10 ಮಿಲಿಸೆಕೆಂಡು. ಇಲ್ಲಿ ಮೆಮೊರಿ ಎಷ್ಟಿದ್ದರೂ ವ್ಯರ್ಥ, ಹೈಸ್ಪೀಡ್ ಕೌಂಟರ್ ಇರುವ ಇನ್‌ಪುಟ್ ವಿಳಾಸವೇ ಬೇಕು, ಅದನ್ನು ಪಟ್ಟಿಯಲ್ಲಿ ಮೊದಲೇ ಮೀಸಲಿಡಬೇಕು.

ಏಳನೇ ಹಂತ: ಹೊರಗಿನವರಿಗೆ ಕಾಣುವ ವಿಳಾಸ

ಪರದೆ, ಎನರ್ಜಿ ಮೀಟರ್, ತೂಕದ ಯಂತ್ರ ಇವು ಪಿಎಲ್‌ಸಿಯೊಡನೆ ಮಾತನಾಡುವುದು ಹೆಚ್ಚಾಗಿ 1979ರಲ್ಲಿ ಮೋಡಿಕಾನ್ ರೂಪಿಸಿದ ಮಾಡ್‌ಬಸ್ ಭಾಷೆಯಲ್ಲಿ. ಅದರಲ್ಲಿ 40001 ಎಂದು ಬರೆದ ರಿಜಿಸ್ಟರ್ ವೈರಿನ ಮೇಲೆ ಹೋಗುವುದು 0 ಎಂದು. ಕೆಲವರು ಒಂದರಿಂದ, ಕೆಲವರು ಸೊನ್ನೆಯಿಂದ ಎಣಿಸುವುದರಿಂದ ಒಂದು ಸ್ಥಾನ ಆಚೀಚೆ ಆಗುವುದು ನಿತ್ಯದ ಕತೆ. ಡೆಲ್ಟಾ ಡಿವಿಪಿಯಲ್ಲಿ ಡಿ 0 ಎಂದರೆ ಮಾಡ್‌ಬಸ್‌ನ 4096, ಎಂದರೆ 44097. ಡಿ 100 ಎಂದರೆ 44197. ದಶಮಾಂಶ ಸಂಖ್ಯೆ ಎರಡು ರಿಜಿಸ್ಟರ್ ಹಿಡಿಯುತ್ತದೆ, ಯಾವ ಅರ್ಧ ಮೊದಲು ಎಂಬುದರಲ್ಲಿ ಕಂಪನಿಗಳಿಗೆ ಒಮ್ಮತವಿಲ್ಲ. 25.0 ಇರಬೇಕಾದ ಕಡೆ 16,840 ಕಂಡರೆ ಸೆನ್ಸರ್ ಬಿಚ್ಚಬೇಡಿ, ಮೇಲಿನ ಅರ್ಧವನ್ನು ಮಾತ್ರ ಪೂರ್ಣಾಂಕವೆಂದು ಓದುತ್ತಿದ್ದೀರಿ.

ಎಂಟನೇ ಹಂತ: ಸ್ಥಳದಲ್ಲಿ ಒಂದೊಂದಾಗಿ ತಾಳೆ ನೋಡುವುದು

ಮೋಟಾರಿನ ಮುಖ್ಯ ಫ್ಯೂಸ್ ತೆಗೆದು, ಕಂಟ್ರೋಲ್ ಸಪ್ಲೈ ಮಾತ್ರ ಕೊಟ್ಟು, ಒಬ್ಬರು ಪ್ಯಾನೆಲ್ ಬಳಿ, ಇನ್ನೊಬ್ಬರು ಯಂತ್ರದ ಬಳಿ ನಿಂತು ಪ್ರತಿ ಇನ್‌ಪುಟ್ ಅನ್ನು ಕೈಯಾರೆ ಒತ್ತಿ ನೋಡಬೇಕು. ಟ್ರಿಪ್ ಸಂಕೇತಕ್ಕೆ ಓವರ್‌ಲೋಡ್ ರಿಲೇಯ ಟೆಸ್ಟ್ ಬಟನ್ ಬಳಸಿ. ಆಮೇಲೆ ಔಟ್‌ಪುಟ್‌ಗಳನ್ನು ಒಂದೊಂದಾಗಿ ಫೋರ್ಸ್ ಮಾಡಿ (ಪ್ರೋಗ್ರಾಮ್ ಏನೇ ಹೇಳಲಿ, ತಂತ್ರಾಂಶದಿಂದ ಬಲವಂತವಾಗಿ ಚಾಲೂ ಮಾಡಿ) ಸರಿಯಾದ ಕಾಂಟ್ಯಾಕ್ಟರೇ ಎಳೆಯುತ್ತದೆಯೇ ಎಂದು ನೋಡಿ, ಮುಗಿದ ಮೇಲೆ ಫೋರ್ಸ್‌ಗಳನ್ನೆಲ್ಲ ತೆಗೆಯಿರಿ. ಅನಲಾಗ್‌ಗೆ ಟ್ರಾನ್ಸ್‌ಮಿಟರಿನ ಜಾಗದಲ್ಲಿ ಕರೆಂಟ್ ಸೋರ್ಸ್ ಕಟ್ಟಿ 4, 12, 20 ಮಿಲಿಆಂಪ್ ಕೊಡಿ. ಸೀಮೆನ್ಸ್‌ನಲ್ಲಿ ಕ್ರಮವಾಗಿ 0, 13,824, 27,648ರ ಹತ್ತಿರ ಬರಬೇಕು. 0ಯಿಂದ 150 ಡಿಗ್ರಿಯ ಟ್ರಾನ್ಸ್‌ಮಿಟರ್ ಆದರೆ ನಡುವಿನದು 75 ಡಿಗ್ರಿ ತೋರಬೇಕು. ನಂತರ ನಡೆಯುತ್ತಿರುವಾಗಲೇ ಕರೆಂಟ್ ತೆಗೆದು ಹಾಕಿ, ಟ್ಯಾಂಕಿನ ಲೆಕ್ಕ ಉಳಿದಿದೆಯೇ, ಮೋಟಾರು ಬಿಟ್‌ಗಳು ಅಳಿದಿವೆಯೇ ನೋಡಿ. ಪಟ್ಟಿಯ ಒಂದು ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ, ಖಾಲಿ ವಿಳಾಸಗಳ ಹಾಳೆಯನ್ನು ಮಾತ್ರ ಲ್ಯಾಮಿನೇಷನ್ ಮಾಡಿಸದೆ, ದಾರದಲ್ಲಿ ಒಂದು ಪೆನ್ಸಿಲ್ ಕಟ್ಟಿ ಪಕ್ಕದಲ್ಲಿ ತೂಗುಹಾಕಿ.